ಕತ್ತಲಾದ ಮೇಲೆ ಘಮಿಸುವ ಆರ್ಕಿಡ್: ಬ್ರಾಸವೋಲ ನೊಡೋಸ ಬೆಳೆಸುವ ಬಗೆ

ಹಗಲಿನಲ್ಲಿ ಬ್ರಾಸವೋಲ ನೊಡೋಸದ ಹೂವಿಗೆ ಮೂಗು ತಾಗಿಸಿದರೂ ಹೆಚ್ಚೇನೂ ಸಿಗದು. ಕತ್ತಲಾಗಿ ಸ್ವಲ್ಪ ಹೊತ್ತಿಗೆ ಅದೇ ಹೂವು ಇಡೀ ಕೋಣೆಗೆ ಘಮ ಹರಡುತ್ತದೆ. ಮೊದಲು ನಿಂಬೆ ಸಿಪ್ಪೆ ಹಿಂಡಿದಾಗ ಬರುವಂಥ ಚುರುಕು, ಅದರ ಬೆನ್ನಿಗೇ ಮಲ್ಲಿಗೆಯನ್ನು ನೆನಪಿಸುವ ಸಿಹಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಲೇಡಿ ಆಫ್ ದ ನೈಟ್’ ಎಂಬ ಹೆಸರಿದೆ. ರಾತ್ರಿರಾಣಿ ಎಂದು ಕರೆಯುವ ಪೊದೆಗೂ ಇದಕ್ಕೂ ನಂಟಿಲ್ಲ. ಅದು ಬದನೆ ಕುಟುಂಬದ ಗಿಡ, ಇದು ಮರದ ತೊಗಟೆ ಹಿಡಿದು ಬದುಕುವ ಆರ್ಕಿಡ್.

ಈ ಗಿಡವನ್ನು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಅತಿಯಾದ ಆರೈಕೆಯಿಂದ. ಆರ್ಕಿಡ್ ಎಂದೊಡನೆ ದಟ್ಟ ಕಾಡು, ನೆರಳು, ಆರದ ತೇವ ಎಂದು ಊಹಿಸಿಕೊಂಡು ಮೂಲೆಯಲ್ಲಿಟ್ಟು ದಿನವೂ ನೀರು ಹಾಕುತ್ತಾರೆ. ನೊಡೋಸದ ತವರು ಬೇರೆಯೇ. ಮೆಕ್ಸಿಕೋದಿಂದ ಮಧ್ಯ ಅಮೆರಿಕದುದ್ದಕ್ಕೂ, ಅಲ್ಲಿಂದ ಕೊಲಂಬಿಯಾ, ವೆನೆಜುವೆಲಾವರೆಗೆ, ಮುಖ್ಯವಾಗಿ ತಗ್ಗುನಾಡಿನಲ್ಲಿ ಇದು ಬೆಳೆಯುತ್ತದೆ. ಕರಾವಳಿಯ ಕಾಂಡ್ಲಾ ಮರಗಳ ಮೇಲೆ, ಸಮುದ್ರಕ್ಕೆ ಮುಖ ಮಾಡಿದ ಬಂಡೆಗಳ ಮೇಲೆ, ಕೆಲವು ಕಡೆ ಕಳ್ಳಿಗಿಡಗಳ ಮೇಲೂ ಸಿಗುತ್ತದೆ. ಅಲ್ಲಿ ಮಳೆ ಬಂದರೆ ಬೇರು ಪೂರ್ತಿ ನೆನೆಯುತ್ತದೆ, ಗಾಳಿ ಬೀಸಿದರೆ ಗಂಟೆ ಎರಡು ಗಂಟೆಯಲ್ಲಿ ಆರುತ್ತದೆ. ಚೆನ್ನಾಗಿ ನೆನೆಯಬೇಕು, ಬೇಗ ಆರಬೇಕು: ಕುಂಡ, ಮಿಶ್ರಣ, ತೂಗುಹಾಕುವ ಜಾಗ ಎಲ್ಲವನ್ನೂ ಈ ಲೆಕ್ಕದಲ್ಲೇ ಆರಿಸಬೇಕು.

ಗುರುತು ಹಿಡಿಯುವುದು

ಮಾರಾಟದಲ್ಲಿ ಬ್ರಾಸವೋಲ ಎಂಬ ಚೀಟಿ ಹೊತ್ತ ಗಿಡಗಳೆಲ್ಲ ನೊಡೋಸ ಅಲ್ಲ, ಆದ್ದರಿಂದ ಕೊಳ್ಳುವ ಮೊದಲು ಗಿಡವನ್ನು ಓದಲು ಕಲಿಯಿರಿ. ಫೆಲನಾಪ್ಸಿಸ್ ಎಂಬ ಆರ್ಕಿಡ್‌ಗಿರುವಂಥ ಅಗಲ ಎಲೆ ಇದಕ್ಕಿಲ್ಲ. ಅಡ್ಡಕ್ಕೆ ತೆವಳುವ ಬೇರುಗಾಂಡ, ಅದರಿಂದ ಒಂದರ ಪಕ್ಕ ಒಂದರಂತೆ ಎದ್ದ ಸಪೂರ ಕಡ್ಡಿಯಂಥ ಕಾಂಡಗಳು, ಪ್ರತಿ ಕಾಂಡದ ತುದಿಗೆ ಒಂದೇ ಒಂದು ಎಲೆ. ಎಲೆ ದಪ್ಪ, ಗಟ್ಟಿ, ಸುಮಾರು 15ರಿಂದ 30 ಸೆಂಟಿಮೀಟರ್ ಉದ್ದ. ಮೇಲ್ಮೈಯಲ್ಲಿ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ. ಈ ಕಾಲುವೆಯನ್ನು ನೆನಪಿಡಿ, ನೀರಿನ ವಿಷಯಕ್ಕೆ ಬಂದಾಗ ಅದೇ ಅಳತೆಗೋಲು.

ಹೂಗೊಂಚಲು ಕಾಂಡದ ತುದಿಯಲ್ಲಿ, ಎಲೆಯ ಬುಡದಿಂದ ಹೊರಡುತ್ತದೆ. ಒಂದು ಗೊಂಚಲಲ್ಲಿ ಒಂದರಿಂದ ಆರು ಹೂ. ಐದು ದಳಗಳು ಕಿರಿದಾಗಿ, ಜೇಡನ ಕಾಲಿನ ಹಾಗೆ ಚಾಚಿಕೊಂಡು ತಿಳಿಹಸಿರು ಅಥವಾ ಕೆನೆಬಣ್ಣದಲ್ಲಿರುತ್ತವೆ. ಆರನೆಯದು ‘ತುಟಿ’: ಅಚ್ಚ ಬಿಳಿ, ಹೃದಯದಾಕಾರ, ಬುಡ ಕೊಳವೆಯಾಗಿ ಸುತ್ತಿಕೊಂಡದ್ದು. ಕೊಳವೆಯೊಳಗೆ ನೇರಳೆ ಚುಕ್ಕೆಗಳಿರಬಹುದು, ಇಲ್ಲದೆಯೂ ಇರಬಹುದು. ತುಟಿ ಹೃದಯದಂತೆ ಅಗಲವಾಗಿರದೆ ಉದ್ದ ಬಾಲದಂತೆ ಜೋತುಬಿದ್ದಿದ್ದರೆ ಅದು ಬ್ರಾಸವೋಲ ಕುಕುಲ್ಲಾಟ. ತುಟಿಯ ಅಂಚಿಗೆ ದಾರ ಬಿಟ್ಟಂತೆ ಜಾಲರಿ ಇದ್ದರೆ ಅದು ಹಿಂದೆ ಬ್ರಾಸವೋಲ ಎನಿಸಿಕೊಂಡಿದ್ದ, ಈಗ ರಿಂಕೋಲೇಲಿಯ ಎನ್ನುವ ಡಿಗ್ಬಿಯಾನ. ಅದು ಹೊಂಡುರಾಸ್‌ನ ರಾಷ್ಟ್ರೀಯ ಹೂ, ಅದರ ಎಲೆ ಅಗಲ, ಬೆಳೆಸುವ ಕ್ರಮವೂ ಬೇರೆ. ‘ಲಿಟಲ್ ಸ್ಟಾರ್ಸ್’ ಎಂಬ ಹೆಸರಿನಲ್ಲಿ ಸಿಗುವುದು ನೊಡೋಸ ಮತ್ತು ಬ್ರಾಸವೋಲ ಸುಬುಲಿಫೋಲಿಯ ಸೇರಿಸಿ ಮಾಡಿದ ಮಿಶ್ರತಳಿ. ಹೂ ಸಣ್ಣದು, ಸಂಖ್ಯೆ ಹೆಚ್ಚು, ಬೆಳೆಸುವುದು ಸುಲಭ. ಮೊದಲ ಸಲ ಆರ್ಕಿಡ್ ತರುವವರಿಗೆ ಇದೂ ಒಳ್ಳೆಯ ಆಯ್ಕೆಯೇ.

ಹೆಸರಿನ ಬಗ್ಗೆ ಒಂದೆರಡು ಮಾತು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಎಪಿಡೆಂಡ್ರಮ್ ನೊಡೋಸಮ್ ಎಂದು ದಾಖಲಿಸಿದ. 1831ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಬ್ರಾಸವೋಲ ಕುಲಕ್ಕೆ ಸೇರಿಸಿದ. ಕುಲದ ಹೆಸರು 16ನೆಯ ಶತಮಾನದ ಇಟಲಿಯ ವೈದ್ಯ ಅಂಟೋನಿಯೊ ಮೂಸಾ ಬ್ರಾಸವೋಲನದು. ನೊಡೋಸ ಎಂದರೆ ಗಂಟುಗಂಟಾದದ್ದು.

ಕೊಳ್ಳುವಾಗ ಕನಿಷ್ಠ ನಾಲ್ಕೈದು ಕಾಂಡಗಳಿರುವ, ಮುಂಭಾಗದಲ್ಲಿ ಹೊಸ ಚಿಗುರು ಕಾಣುವ ಗಿಡ ಆರಿಸಿ. ಕುಂಡವನ್ನು ಮೆಲ್ಲಗೆ ಅಲ್ಲಾಡಿಸಿದಾಗ ಗಿಡ ಕುಂಡದ ಜೊತೆಗೇ ಅಲುಗಬೇಕು. ಗಿಡ ಮಾತ್ರ ಓಲಾಡಿದರೆ ಒಳಗೆ ಬೇರಿಲ್ಲ ಎಂದರ್ಥ. ಆರ್ಕಿಡ್ ಕುಟುಂಬದ ಕಾಡುಗಿಡಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಿ. ಕಾಡಿನಿಂದ ಕಿತ್ತು ತಂದದ್ದು ಬೇರು ಕಳೆದುಕೊಂಡು ಬಂದಿರುತ್ತದೆ, ಬದುಕುವುದೂ ಕಷ್ಟ.

ಬೆಳಕು

ಹೂ ಬಿಡದ ನೊಡೋಸಕ್ಕೆ ಹತ್ತರಲ್ಲಿ ಒಂಬತ್ತು ಸಲ ಬೆಳಕು ಸಾಲದು. ಹೂವಿಗೆ ಬೇಕಾದದ್ದು ಸುಮಾರು 25,000ದಿಂದ 40,000 ಲಕ್ಸ್. ನಡುಹಗಲಿನ ಬಯಲು ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು ಇರುವುದರಿಂದ, ಹೊರಗೆ ಇಡುವವರಿಗೆ 60ರಿಂದ 75 ಶೇಕಡಾ ನೆರಳು ಕೊಡುವ ಶೇಡ್ ನೆಟ್ ಸರಿಹೋಗುತ್ತದೆ. ಬೆಳಗಿನ ಎಳೆ ಬಿಸಿಲು ಮೂರು ನಾಲ್ಕು ಗಂಟೆ ನೇರವಾಗಿ ಬಿದ್ದರೂ ತೊಂದರೆಯಿಲ್ಲ, ಒಳ್ಳೆಯದೇ. ಫೋನಿನ ಲಕ್ಸ್ ಮೀಟರ್ ಆ್ಯಪ್ ತೀರಾ ನಿಖರವಲ್ಲದಿದ್ದರೂ ಎರಡು ಜಾಗಗಳನ್ನು ಹೋಲಿಸಲು ಸಾಕು.

ಆದರೆ ಮೀಟರಿಗಿಂತ ಎಲೆ ನಂಬಿಕಸ್ಥ. ಬೆಳಕು ಸರಿಯಿದ್ದರೆ ಎಲೆ ತಿಳಿಹಸಿರಾಗಿ, ಮೈಮೇಲೆ ಕೆಂಪು-ನೇರಳೆ ಸಣ್ಣ ಚುಕ್ಕೆ ಮೂಡುತ್ತದೆ. ಈ ಚುಕ್ಕೆಯನ್ನು ರೋಗವೆಂದು ಹೆದರಿ ಔಷಧಿ ಹೊಡೆಯುವವರಿದ್ದಾರೆ. ಬೇಡ, ಅದು ಬಿಸಿಲಿಗೆ ಗಿಡ ತೊಟ್ಟುಕೊಳ್ಳುವ ಬಣ್ಣ. ಎಲೆ ಕಡುಹಸಿರಾಗಿ, ಉದ್ದವಾಗಿ, ಬಾಗಿ ಮೆತ್ತಗಿದ್ದರೆ ಬೆಳಕು ಕಡಿಮೆ. ಎಲೆ ಹಳದಿಗೆ ತಿರುಗಿ, ಬಿಸಿಲು ಬೀಳುವ ಬದಿಯಲ್ಲಷ್ಟೇ ಬೂದು-ಬಿಳಿ ಒಣ ಕಲೆ ಬಂದರೆ ಸುಟ್ಟಿದೆ. ಸುಟ್ಟ ಭಾಗ ಮತ್ತೆ ಹಸಿರಾಗುವುದಿಲ್ಲ, ಹರಡುವುದೂ ಇಲ್ಲ. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತಂದರೆ ಹೀಗಾಗುತ್ತದೆ. ಮೂರು ವಾರಗಳಲ್ಲಿ ಹಂತಹಂತವಾಗಿ ಬೆಳಕಿಗೆ ಸರಿಸಿ. ಮಧ್ಯಾಹ್ನ ಎಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬಿಸಿಯಾಗಿದ್ದರೆ ನೆರಳಿಗಿಂತ ಮೊದಲು ಗಾಳಿ ಹೆಚ್ಚಿಸಿ.

ಮನೆಯೊಳಗೆ ಎಲ್‌ಇಡಿ ದೀಪದಡಿ ಬೆಳೆಸುವವರು ದಿನಕ್ಕೆ 12ರಿಂದ 13 ಗಂಟೆ ಬೆಳಕು ಕೊಟ್ಟು ಉಳಿದ ಹೊತ್ತು ನಿಜವಾದ ಕತ್ತಲು ಬಿಡಬೇಕು. ದಪ್ಪ ಎಲೆಯ ಈ ಗಿಡ ನೀರು ಉಳಿಸಿಕೊಳ್ಳಲು ಹಗಲು ಎಲೆರಂಧ್ರ ಮುಚ್ಚಿ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ರಾತ್ರಿಯೇ ಅದರ ಕೆಲಸದ ಹೊತ್ತು.

ಉಷ್ಣತೆಯ ವಿಷಯದಲ್ಲಿ ಇದಕ್ಕೆ ಹಟವಿಲ್ಲ. ಹಗಲು 25ರಿಂದ 32 ಡಿಗ್ರಿ, ರಾತ್ರಿ 18ರ ಮೇಲೆ ಇದ್ದರೆ ಹಾಯಾಗಿರುತ್ತದೆ; ಗಾಳಿಯಾಡಿದರೆ 36-37 ಡಿಗ್ರಿಯನ್ನೂ ತಡೆಯುತ್ತದೆ. 13 ಡಿಗ್ರಿಗಿಂತ ಕೆಳಗಿಳಿದರೆ ಒಳಗೆ ತನ್ನಿ. ತೇವಾಂಶ 50ರಿಂದ 70 ಶೇಕಡಾ.

ಕಟ್ಟುವುದೋ, ಕುಂಡವೋ

ಅವಕಾಶವಿದ್ದರೆ ಮರದ ತುಂಡಿಗೆ ಕಟ್ಟಿ. ಬೇರಿಗೆ ಗಾಳಿ ಸಿಗುತ್ತದೆ, ಕೊಳೆಯುವ ಭಯವಿಲ್ಲ, ಎಲೆಗಳು ಸಹಜವಾಗಿ ಕೆಳಗೆ ಬಾಗಿ ನಿಲ್ಲುತ್ತವೆ. ದಿನವೂ ನೀರು ಕೊಡಬೇಕಾಗುತ್ತದೆ ಎನ್ನುವುದೊಂದೇ ತೊಡಕು. ವಾರಗಟ್ಟಲೆ ಮನೆ ಬಿಟ್ಟು ಹೋಗುವವರು ಮರದ ಪಟ್ಟಿಯ ಬುಟ್ಟಿಯನ್ನೋ ಮಣ್ಣಿನ ಕುಂಡವನ್ನೋ ನೆಚ್ಚಿಕೊಳ್ಳಲಿ.

ಕಟ್ಟಲು 25ರಿಂದ 30 ಸೆಂಟಿಮೀಟರ್ ಉದ್ದದ, ಒರಟು ತೊಗಟೆಯ, ಬೇಗ ಕೊಳೆಯದ ಗಟ್ಟಿ ಮರದ ತುಂಡು ಬೇಕು. ಕಾರ್ಕ್ ತೊಗಟೆ ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣ, ವಾರ್ನಿಶ್, ಗೆದ್ದಲು ಔಷಧಿ ತಾಗಿದ ಮರ ಬೇಡ. ತುಂಡನ್ನು ಒಂದು ದಿನ ನೀರಲ್ಲಿ ನೆನೆಸಿ, ಉಜ್ಜಿ ತೊಳೆಯಿರಿ. ಗಿಡವನ್ನು ಹಳೆಯ ಕುಂಡದಿಂದ ಬಿಡಿಸುವ ಮೊದಲು ಹತ್ತು ಹದಿನೈದು ನಿಮಿಷ ನೆನೆಸಿದರೆ ಬೇರು ಬಾಗುತ್ತದೆ, ಮುರಿಯುವುದು ಕಡಿಮೆ. ಒತ್ತಿದರೆ ಗಟ್ಟಿಯಾಗಿರುವ ಬೇರು ಬದುಕಿದೆ. ಮೆತ್ತಗೆ ಕಂದಾಗಿ ಹೊರಪದರ ಜಾರಿ ಒಳಗಿನ ನೂಲು ಮಾತ್ರ ಉಳಿದದ್ದು ಸತ್ತಿದೆ, ಕತ್ತರಿಸಿ. ಬೇರುಗಾಂಡವನ್ನು ಮರಕ್ಕೆ ಒತ್ತಿ ಹಿಡಿದು, ಹೊಸ ಚಿಗುರಿನ ಮುಂದೆ ತೆವಳಲು ಜಾಗ ಉಳಿಯುವ ಹಾಗೆ ಇಟ್ಟು, ಮೀನು ಹಿಡಿಯುವ ನೈಲಾನ್ ದಾರದಿಂದ ಎರಡು ಮೂರು ಕಡೆ ಬಿಗಿಯಾಗಿ ಕಟ್ಟಿ. ದಾರ ಚಿಗುರಿನ ಮೇಲೆ ಹಾಯಬಾರದು. ಗಿಡ ಅಲುಗಿದರೆ ಹೊಸ ಬೇರಿನ ತುದಿ ಉಜ್ಜಿಹೋಗಿ ಬೆಳವಣಿಗೆ ನಿಲ್ಲುತ್ತದೆ, ಹಾಗಾಗಿ ಬಿಗಿಯಲ್ಲಿ ಮುಲಾಜು ಬೇಡ. ಗಾಳಿ ಬಹಳ ಒಣಗಿದ್ದರೆ ಬೇರಿನ ಬದಿಯಲ್ಲಿ ಚಿಟಿಕೆಯಷ್ಟು ಸ್ಫ್ಯಾಗ್ನಮ್ ಪಾಚಿ ಇಡಬಹುದು. ಬೇರುಗಾಂಡದ ಮೇಲೆ ಹೊದಿಸಬೇಡಿ. ಮೂರು ನಾಲ್ಕು ತಿಂಗಳಲ್ಲಿ ಬೇರು ತೊಗಟೆ ಹಿಡಿಯುತ್ತದೆ, ಆಗ ದಾರ ಬಿಚ್ಚಿ.

ಕುಂಡವಾದರೆ 10ರಿಂದ 12 ಸೆಂಟಿಮೀಟರ್ ಅಗಲದ, ಪಕ್ಕದಲ್ಲೂ ತೂತುಗಳಿರುವ ಮಣ್ಣಿನ ಕುಂಡ. ಮಿಶ್ರಣಕ್ಕೆ 15ರಿಂದ 20 ಮಿಲಿಮೀಟರ್ ಗಾತ್ರದ ಪೈನ್ ತೊಗಟೆ ಮೂರು ಪಾಲು, ಮರದ ಇದ್ದಿಲು ಒಂದು ಪಾಲು, ಇಟ್ಟಿಗೆ ಚೂರು ಅಥವಾ ಸುಟ್ಟ ಜೇಡಿಮಣ್ಣಿನ ಗುಳಿಗೆ ಒಂದು ಪಾಲು. ಇದ್ದಿಲ ಪುಡಿ, ಇಟ್ಟಿಗೆ ಪುಡಿ ಎಲ್ಲವನ್ನೂ ಜರಡಿ ಹಿಡಿದು ತೆಗೆಯಿರಿ, ಗಾಳಿಯ ಸಂದು ಮುಚ್ಚುವುದು ಆ ಪುಡಿಯೇ. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ದೊಡ್ಡ ತುಂಡುಗಳನ್ನು ಎರಡು ಮೂರು ಸಲ ನೀರು ಬದಲಿಸಿ ನೆನೆಸಿ, ಉಪ್ಪಿನಂಶ ಹೋದ ಮೇಲೆ ಬಳಸಬಹುದು. ಅದು ತೇವ ಹೆಚ್ಚು ಹಿಡಿಯುವುದರಿಂದ ಇದ್ದಿಲಿನ ಪಾಲು ದುಪ್ಪಟ್ಟು ಮಾಡಿ. ಕೊಕೊಪೀಟ್, ತೋಟದ ಮಣ್ಣು, ಎರೆಗೊಬ್ಬರ ಒಂದೂ ಬೇಡ. ಹಳೆಯ ಕಾಂಡಗಳ ಬದಿಯನ್ನು ಕುಂಡದ ಅಂಚಿಗೆ ಒತ್ತಿ, ಚಿಗುರು ಕುಂಡದ ನಡುವಿಗೆ ಮುಖ ಮಾಡುವಂತೆ ನೆಡಿ. ಬೇರುಗಾಂಡ ಮಿಶ್ರಣದ ಮೇಲೆಯೇ ಕೂತಿರಬೇಕು. ಹೂಳಿದರೆ ಚಿಗುರು ಕೊಳೆಯುತ್ತದೆ.

ಕುಂಡ ದೊಡ್ಡದಾದಷ್ಟೂ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರು ತಲುಪದ ನಡುಭಾಗ ವಾರವಾದರೂ ಆರದೆ ಹುಳಿಯುತ್ತದೆ.

ಕುಂಡ ಬದಲಿಸಲು, ಕಟ್ಟಲು ಸರಿಯಾದ ಸಮಯವೆಂದರೆ ಹೊಸ ಚಿಗುರಿನ ಬುಡದಲ್ಲಿ ಹಸಿರು ಬೇರಿನ ಮೊನೆ ಅರ್ಧ ಸೆಂಟಿಮೀಟರಿನಷ್ಟು ಕಾಣಿಸಿದಾಗ. ಆಗ ಮಾಡಿದರೆ ಗಿಡ ಬೇಗ ಹಿಡಿದುಕೊಳ್ಳುತ್ತದೆ. ಬೇರು ಚಲನೆಯಿಲ್ಲದ ಹೊತ್ತಿನಲ್ಲಿ ಕಿತ್ತರೆ ಮುಂದಿನ ಬೇರು ಬರುವವರೆಗೆ ತಿಂಗಳುಗಟ್ಟಲೆ ಸುಕ್ಕಾಗಿ ಕೂರುತ್ತದೆ.

ನೀರು ಮತ್ತು ಗೊಬ್ಬರ

ಒಣಗಿದ ಬೇರು ಬೂದು-ಬಿಳಿ, ನೆನೆದ ಬೇರು ಹಸಿರು. ಹಸಿರಿದ್ದಾಗ ನೀರು ಬೇಡ; ಬಿಳಿಯಾಗಿ ಸ್ವಲ್ಪ ಹೊತ್ತಾದ ಮೇಲೆ ಕೊಡಿ. ಮರದ ತುಂಡಿನ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೊಮ್ಮೆ, ತೀರಾ ಒಣಗಾಳಿಯಿದ್ದರೆ ಎರಡು ಸಲ. ಕುಂಡಕ್ಕೆ ಬಿಸಿಲ ಕಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ತಂಪು ದಿನಗಳಲ್ಲಿ ಏಳೆಂಟು ದಿನಕ್ಕೊಮ್ಮೆ. ನೀರು ಹಾಕಿದ ಕೂಡಲೇ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ ಕುಂಡವನ್ನು ಕೈಯಲ್ಲೆತ್ತಿ ತೂಕ ನೋಡಿದರೆ ಹದ ತಾನಾಗಿ ಗೊತ್ತಾಗುತ್ತದೆ. ಕೊಡುವಾಗ ಧಾರಾಳವಾಗಿ, ತಳದಿಂದ ಹರಿದು ಹೋಗುವಷ್ಟು ಕೊಡಿ. ಸ್ಪ್ರೇ ಬಾಟಲಿಯ ನಾಲ್ಕು ಹನಿ ಬೇರಿನ ಬಿಳಿ ಪದರವನ್ನು ನೆನೆಸುವುದೇ ಇಲ್ಲ. ಕಟ್ಟಿದ ಗಿಡವನ್ನು ವಾರಕ್ಕೊಮ್ಮೆ ಬಕೆಟ್ ನೀರಲ್ಲಿ ಹತ್ತು ನಿಮಿಷ ಮುಳುಗಿಸಿದರೆ ತುಂಬ ಒಳ್ಳೆಯದು. ಒಂದು ಗಿಡ ಮುಳುಗಿಸಿದ ನೀರನ್ನು ಇನ್ನೊಂದಕ್ಕೆ ಬಳಸಬೇಡಿ, ರೋಗ ದಾಟುತ್ತದೆ.

ಈಗ ಎಲೆಯ ಕಾಲುವೆಗೆ ಬರೋಣ. ಗಿಡ ದಣಿದಾಗ ಕಾಲುವೆ ಆಳವಾಗುತ್ತದೆ, ಎಲೆಯ ಮೈಗೆ ಉದ್ದುದ್ದ ಗೀರು ಬೀಳುತ್ತದೆ. ಅಷ್ಟು ಕಂಡರೆ ನೀರಿನ ಅಂತರ ಕಡಿಮೆ ಮಾಡಿ. ನೀರು ಕೊಟ್ಟು ವಾರ ಕಳೆದರೂ ಕಾಲುವೆ ತುಂಬದಿದ್ದರೆ ತೊಂದರೆ ನೀರಿನದಲ್ಲ, ಬೇರಿನದು. ಆಗ ಇನ್ನಷ್ಟು ನೀರು ಸುರಿಯುವುದು ಉಳಿದ ಬೇರನ್ನೂ ಕೊಳೆಸುವ ದಾರಿ. ಕುಂಡದಿಂದ ಬಿಡಿಸಿ, ಕೊಳೆತದ್ದನ್ನು ಕತ್ತರಿಸಿ, ಮರಕ್ಕೆ ಕಟ್ಟಿ, ನೆರಳಲ್ಲಿಟ್ಟು ಗಾಳಿಯ ತೇವಾಂಶ ಹೆಚ್ಚಿಸಿ ಹೊಸ ಬೇರಿಗೆ ಕಾಯಬೇಕು.

ನೀರು ಬೆಳಿಗ್ಗೆ ಕೊಡುವುದು ಉತ್ತಮ. ಹೊಸ ಚಿಗುರಿನ ಸುತ್ತ ಕಾಗದದಂಥ ತೆಳು ಕವಚವಿರುತ್ತದೆ. ಅದರೊಳಗೆ ನೀರು ನಿಂತು ರಾತ್ರಿ ಕಳೆದರೆ ಚಿಗುರು ಕಪ್ಪಾಗಿ, ಹಿಡಿದೆಳೆದರೆ ಕೈಗೆ ಬರುತ್ತದೆ. ಮಳೆನೀರು ಶ್ರೇಷ್ಠ. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 200 ಪಿಪಿಎಂ ಒಳಗಿದ್ದರೆ ಸಾಕು. ಬೇರಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತಿದ್ದರೆ, ಬೇರಿನ ತುದಿ ಸುಟ್ಟಂತೆ ಕಪ್ಪಾಗುತ್ತಿದ್ದರೆ ನೀರು ಗಡುಸು ಅಥವಾ ಗೊಬ್ಬರ ಹೆಚ್ಚು.

ಗೊಬ್ಬರದಲ್ಲಿ ಕೈ ಬಿಗಿಯಿರಲಿ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ 19-19-19 ಅಥವಾ 20-20-20 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಬೆಳವಣಿಗೆಯ ಕಾಲದಲ್ಲಿ ವಾರಕ್ಕೊಮ್ಮೆ. ಬೇರು ಒಣಗಿದ್ದರೆ ಮೊದಲು ಬರೀ ನೀರಲ್ಲಿ ನೆನೆಸಿ, ಆಮೇಲೆ ಗೊಬ್ಬರದ ನೀರು. ನಾಲ್ಕನೆಯ ವಾರ ಗೊಬ್ಬರ ಬಿಟ್ಟು ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಚಿಗುರಿಲ್ಲದ ತಂಪು ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಸಾಕು. ಮಳೆನೀರು ಅಥವಾ ಆರ್‌ಓ ನೀರನ್ನಷ್ಟೇ ಬಳಸುವವರು ಆಗಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಬೇಕು, ಆ ನೀರಿನಲ್ಲಿ ಅವೆರಡೂ ಇರುವುದಿಲ್ಲವೆಂದೇ ಹೇಳಬಹುದು. ಹೂ ಬರಲೆಂದು ರಂಜಕ ಹೆಚ್ಚಿರುವ ಗೊಬ್ಬರ ಸುರಿಯುವುದು ದುಡ್ಡು ದಂಡ. ಅದರ ಬದಲು ಗಿಡವನ್ನು ಬೆಳಕಿಗೆ ಎರಡು ಅಡಿ ಹತ್ತಿರ ಸರಿಸಿ.

ಹೂವು ಮತ್ತು ಅದರ ಗಂಧ

ಚಿಗುರಿನ ಎಲೆ ಪೂರ್ತಿ ಬಲಿತ ಮೇಲೆ ಅದರ ಬುಡದಲ್ಲಿ ಮೊಗ್ಗು ಇಣುಕುತ್ತದೆ. ಚೆನ್ನಾಗಿ ಬೆಳೆದ ಗಿಡ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡಬಲ್ಲದು. ಮೊಗ್ಗು ಕಂಡ ಮೇಲೆ ಗಿಡದ ಜಾಗ ಬದಲಿಸಬೇಡಿ, ನೀರು ತಪ್ಪಿಸಬೇಡಿ. ಬೇರು ತೀರಾ ಒಣಗುವುದು, ಎಸಿಯ ಗಾಳಿ ನೇರ ಬಡಿಯುವುದು, ಪಕ್ಕದಲ್ಲಿ ಹಣ್ಣಾಗುತ್ತಿರುವ ಬಾಳೆಗೊನೆ ಅಥವಾ ಗ್ಯಾಸ್ ಒಲೆಯಿಂದ ಬರುವ ಎಥಿಲೀನ್ ಅನಿಲ, ಇವು ಮೊಗ್ಗು ಹಳದಿಯಾಗಿ ಉದುರಲು ಸಾಮಾನ್ಯ ಕಾರಣಗಳು. ಅರಳಿದ ಹೂ ಒಂದರಿಂದ ಎರಡು ವಾರ ಬಾಳುತ್ತದೆ, ತಂಪಿದ್ದರೆ ಇನ್ನಷ್ಟು.

ಹೂ ಹಗಲೂ ತೆರೆದೇ ಇರುತ್ತದೆ, ಗಂಧ ಮಾತ್ರ ರಾತ್ರಿಯದು. ಕಾರಣ ಅದರ ಅತಿಥಿ: ಕತ್ತಲಲ್ಲಿ ಹಾರುವ, ಉದ್ದ ನಾಲಗೆಯ ಹಾಕ್ ಪತಂಗ. ಬಿಳಿ ತುಟಿ ಕತ್ತಲಲ್ಲೂ ಕಾಣುವ ಗುರಿ, ಕಿರಿದಾದ ಕೊಳವೆ ಉದ್ದ ನಾಲಗೆಗೆ ತಕ್ಕ ದಾರಿ. ಪತಂಗವೇ ಬಾರದ ಹೊತ್ತಿನಲ್ಲಿ ಗಂಧ ಚೆಲ್ಲಿ ಹೂವಿಗೆ ಏನು ಲಾಭ?

ಹೊಸದಾಗಿ ಅರಳಿದ ಹೂ ಮೊದಲ ರಾತ್ರಿಯೇ ಘಮಿಸದಿದ್ದರೆ ನಿರಾಶೆ ಬೇಡ, ಒಂದೆರಡು ದಿನ ಕೊಡಿ. ಬೆಚ್ಚಗಿನ, ಗಾಳಿ ನಿಂತ ರಾತ್ರಿಯಲ್ಲಿ ಗಂಧ ಅತಿ ಚೆನ್ನಾಗಿ ತಿಳಿಯುತ್ತದೆ; ಚಳಿಯಲ್ಲಿ ಸುಗಂಧದ ಎಣ್ಣೆಯಂಶ ಆವಿಯಾಗುವುದೇ ಕಡಿಮೆ. ಗಿಡದಿಂದ ಗಿಡಕ್ಕೂ ಗಂಧದ ಬಲ ಬೇರೆ, ಹಾಗಾಗಿ ಸಾಧ್ಯವಾದರೆ ಸಂಜೆಯ ಮೇಲೆ ಹೂವಿರುವ ಗಿಡವನ್ನೇ ಮೂಸಿ ನೋಡಿ ಕೊಳ್ಳಿ. ತೂಗುಹಾಕುವ ಜಾಗ ನೀವು ರಾತ್ರಿ ಕೂರುವ ಕಡೆ, ತಲೆಯ ಎತ್ತರದಲ್ಲಿರಲಿ. ಮಲಗುವ ಕೋಣೆಯಲ್ಲಿ ಐದಾರು ಹೂವಿನ ಗೊಂಚಲುಗಳಿದ್ದರೆ ಕೆಲವರಿಗೆ ತಲೆನೋವು ಬರುವಷ್ಟು ತೀವ್ರವಾದೀತು.

ಕೀಟ, ರೋಗ

ದೊಡ್ಡ ಶತ್ರು ಶಲ್ಕಕೀಟ. ಕಾಂಡದ ಒಣ ಕವಚದ ಕೆಳಗೆ, ಬೇರುಗಾಂಡದ ಸಂದಿನಲ್ಲಿ ಅಡಗಿ, ಬಿಳಿ ಅಥವಾ ಕಂದು ಚುಕ್ಕೆಗಳಾಗಿ ಅಂಟಿಕೊಂಡು ರಸ ಹೀರುತ್ತದೆ. ಹೊರಗಿನಿಂದ ಕಾಣುವ ಹೊತ್ತಿಗೆ ಸಂಸಾರ ದೊಡ್ಡದಾಗಿರುತ್ತದೆ. ಬಲಿತ ಕಾಂಡಗಳ ಒಣ ಕವಚವನ್ನು ಉಗುರಿನಿಂದ ಸುಲಿದು ತೆಗೆಯಿರಿ. ಹಸಿರಿರುವ ಕವಚವನ್ನು ಮುಟ್ಟಬೇಡಿ. ಹಳೆ ಟೂತ್‌ಬ್ರಷ್‌ನಿಂದ ಕೀಟ ಉಜ್ಜಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹಿಟ್ಟುತಿಗಣೆಗೂ ಇದೇ ಮದ್ದು. ಬಳಿಕ ಬೇವಿನೆಣ್ಣೆ 3ರಿಂದ 5 ಮಿಲಿಲೀಟರ್, ಸೌಮ್ಯ ದ್ರವ ಸೋಪು ಒಂದೆರಡು ಮಿಲಿಲೀಟರ್ ಒಂದು ಲೀಟರ್ ನೀರಿಗೆ ಕದಡಿ, ಬಿಸಿಲಿಳಿದ ಮೇಲೆ ಸಿಂಪಡಿಸಿ. ಒಂದು ಸಲಕ್ಕೆ ಮೊಟ್ಟೆಗಳು ಸಾಯುವುದಿಲ್ಲ. ಏಳರಿಂದ ಹತ್ತು ದಿನದ ಅಂತರದಲ್ಲಿ ಮೂರು ಸಲ ಮಾಡಲೇಬೇಕು. ಹೂವಿಗೆ ತಾಗಿಸಬೇಡಿ.

ಬಸವನಹುಳು ಒಂದೇ ರಾತ್ರಿಯಲ್ಲಿ ಎಳೆ ಬೇರಿನ ತುದಿಗಳನ್ನೆಲ್ಲ ತಿಂದು ಮುಗಿಸುತ್ತದೆ. ಟಾರ್ಚ್ ಹಿಡಿದು ಹುಡುಕಿ ಹೆಕ್ಕುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಗಂಧ ಆಸ್ವಾದಿಸಲು ಹೇಗೂ ಆ ಹೊತ್ತಿಗೆ ಅಲ್ಲಿರುತ್ತೀರಿ.

ಬುಡದಿಂದ ಮೇಲಕ್ಕೆ ನೀರುನೀರಾದ ಕಪ್ಪು ಹರಡುತ್ತಿದ್ದರೆ ಕಪ್ಪು ಕೊಳೆ ರೋಗ. ಕಾಯುವಂತಿಲ್ಲ. ಕಪ್ಪು ಮುಗಿದಲ್ಲಿಂದ ಇನ್ನೂ ಎರಡು ಸೆಂಟಿಮೀಟರ್ ಆರೋಗ್ಯದ ಭಾಗವನ್ನೂ ಸೇರಿಸಿ ಕತ್ತರಿಸಿ, ಕತ್ತರಿಸಿದ ಮುಖಕ್ಕೆ ದಾಲ್ಚಿನ್ನಿ ಪುಡಿ ಒತ್ತಿ, ಮೂರು ನಾಲ್ಕು ದಿನ ನೀರು ನಿಲ್ಲಿಸಿ. ದಾಲ್ಚಿನ್ನಿ ಬೇರಿಗೆ ತಾಗಬಾರದು, ಬೇರನ್ನೂ ಒಣಗಿಸಿಬಿಡುತ್ತದೆ. ಎಲೆಯಲ್ಲಿ, ಹೂವಿನಲ್ಲಿ ಗೆರೆಗೆರೆಯ ವಿಚಿತ್ರ ಬಣ್ಣ ಒಡೆದಿದ್ದರೆ ವೈರಸ್ ಇರಬಹುದು. ವೈರಸ್ಸಿಗೆ ಮದ್ದಿಲ್ಲ, ಅಂಥ ಗಿಡವನ್ನು ದೂರವಿಡಿ. ಕತ್ತರಿಯನ್ನು ಪ್ರತಿ ಗಿಡಕ್ಕೂ ಮೊದಲು ಬೆಂಕಿಯಲ್ಲಿ ಕಾಯಿಸಿ ಆರಿಸುವುದು ಇದಕ್ಕಾಗಿಯೇ.

ಗಿಡ ಹಂಚುವುದು

ಬೀಜ ದೂಳಿನಷ್ಟು ಸಣ್ಣದು, ಅದರಲ್ಲಿ ಆಹಾರ ಸಂಗ್ರಹವಿಲ್ಲ. ಪ್ರಯೋಗಾಲಯದ ಶೀಸೆಯಲ್ಲಿ ಮೊಳೆಸಬೇಕು. ಮನೆಯಲ್ಲಿ ಮಾಡಬಹುದಾದದ್ದು ಬೇರುಗಾಂಡ ಕತ್ತರಿಸಿ ಹಂಚುವುದು. ಒಂದೊಂದು ಪಾಲಿಗೆ ಕನಿಷ್ಠ ನಾಲ್ಕು ಕಾಂಡ, ಒಂದು ಜೀವಂತ ಮೊಳಕೆ ಇರಲೇಬೇಕು. ಎರಡು ಕಾಂಡದ ಚೂರುಗಳಾಗಿ ಮಾಡಿದರೆ ಗಿಡಗಳ ಸಂಖ್ಯೆ ಹೆಚ್ಚಿ, ಎರಡು ಮೂರು ವರ್ಷ ಒಂದರಲ್ಲೂ ಹೂ ಕಾಣುವುದಿಲ್ಲ. ಅವಸರವಿಲ್ಲದವರಿಗೆ ಇನ್ನೊಂದು ದಾರಿ: ಗಿಡವನ್ನು ಕೀಳದೆ, ಬೇರುಗಾಂಡವನ್ನು ಮಾತ್ರ ನಡುವೆ ಕತ್ತರಿಸಿ ಅಲ್ಲೇ ಬಿಡಿ. ಹಿಂಭಾಗದ ಮಲಗಿದ್ದ ಕಣ್ಣೊಂದು ಕೆಲವು ತಿಂಗಳಲ್ಲಿ ಎಚ್ಚೆತ್ತು ಚಿಗುರುತ್ತದೆ. ಆ ಚಿಗುರಿಗೆ ಸ್ವಂತ ಬೇರು ಬಂದ ಮೇಲೆ ಬೇರ್ಪಡಿಸಿದರೆ ಎರಡೂ ಪಾಲು ಸೊರಗುವುದಿಲ್ಲ. ಹಾಗೆಂದು ಹಂಚಲೇಬೇಕೆಂದೇನಿಲ್ಲ. ಒಂದೇ ತುಂಡಿನ ಮೇಲೆ ಹತ್ತಾರು ವರ್ಷ ಬಿಟ್ಟ ನೊಡೋಸ ಮರವನ್ನೇ ಸುತ್ತುವರಿದು, ಏಕಕಾಲಕ್ಕೆ ಹತ್ತಾರು ಹೂ ಹೊತ್ತು ನಿಲ್ಲುತ್ತದೆ.